ಗಾಳದ ದಾರ ಆರಿಸಿಕೊಡುವ ದ್ಯಾವಮ್ಮ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಅರಕೆರೆಯಿಂದ ಹೊರಟ ಮೊದಲ ಬಸ್ಸು ಶ್ರೀರಂಗಪಟ್ಟಣದಲ್ಲಿ ಇಳಿಸಿ ಹೋದ ಮೇಲೆ ದ್ಯಾವಮ್ಮ ಹೊಳೆಯ ಕಡೆಗೆ ಸರಸರನೆ ನಡೆದು ಬಂದು, ಹೊಂಗೆ ಮರದ ಕೆಳಗಿರುವ ತಮ್ಮ ಪೆಟ್ಟಿಗೆ ಅಂಗಡಿಯ ಬಾಗಿಲು ತೆಗೆಯುತ್ತಾರೆ. ದೀಪ ಹಾಕುವುದಕ್ಕೂ ಮೊದಲೇ ಅವರ ಕೈ ಒಂದು ಗಾಳದ ದಾರದ ಸುರುಳಿಯನ್ನು ತಡಕಿ ತೆಗೆಯುತ್ತದೆ. ಎರಡು ಮಾರು ಬಿಚ್ಚಿ, ಅದನ್ನು ತುಟಿಗಳ ನಡುವೆ ನಿಧಾನವಾಗಿ ಎಳೆದುಕೊಳ್ಳುತ್ತಾರೆ. ಆಗ ಕಣ್ಣು ಮುಚ್ಚಿರುತ್ತದೆ. ಬೆರಳಿಗೆ ಸಿಗದ ತರಿಯೂ ತುಟಿಗೆ ಸಿಗುತ್ತದೆ.

ಆಮೇಲೆ ಹತ್ತು ಲೀಟರಿನ ನೀರಿನ ಕ್ಯಾನಿಗೆ ಆ ದಾರದ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಹೊಂಗೆಯ ಕೊಂಬೆಗೆ ಬಿಗಿದು, ಕ್ಯಾನಿನಿಂದ ಮೆಲ್ಲಗೆ ಕೈ ತೆಗೆಯುತ್ತಾರೆ. ಕ್ಯಾನು ಗಾಳಿಯಲ್ಲಿ ತೂಗಾಡುತ್ತದೆ. ದ್ಯಾವಮ್ಮ ಮೂವತ್ತರವರೆಗೆ ಎಣಿಸುತ್ತಾರೆ. ದಾರ ಹರಿಯದಿದ್ದರೆ ಆ ಸುರುಳಿ ಮಾರಾಟಕ್ಕೆ. ಹರಿದರೆ ಕತ್ತರಿಯಿಂದ ಗೇಣುದ್ದದ ಚೂರುಗಳಾಗಿ ಕತ್ತರಿಸಿ ಮೂಲೆಯ ಚೀಲಕ್ಕೆ ಹಾಕುತ್ತಾರೆ. ಉದ್ದಕ್ಕೆ ಬಿಸಾಡಿದರೆ ಹೊಳೆಯ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಹೀಗೆ ಚೂರು ಮಾಡುವುದು. ಅಂಗಡಿಯಲ್ಲಿರುವ ಪ್ರತಿ ಸುರುಳಿಯ ಮೇಲೂ ಅದು ಬಂದ ತಿಂಗಳನ್ನು ಅವರೇ ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದಾರೆ.

ಅಷ್ಟರಲ್ಲಿ ಮೈಸೂರಿನ ಕಾರೊಂದು ಬಂದು ನಿಲ್ಲುತ್ತದೆ. ಇಳಿದ ಇಬ್ಬರ ಕೈಯಲ್ಲೂ ಜಪಾನಿನ ರೀಲುಗಳು. ಕೋಲಿನ ಮೇಲುಗಡೆ ಕೂರುವ, ಎಸೆದಾಗ ಉರುಳೆಯೇ ಗಿರ್ರನೆ ತಿರುಗುವ ಜಾತಿಯವು. ಹೆಬ್ಬೆರಳಿನಿಂದ ಉರುಳೆಯನ್ನು ಸವರಿ ಸವರಿ ತಡೆಯದಿದ್ದರೆ ಒಳಗಿನ ದಾರವೆಲ್ಲ ಎಣ್ಣೆ ಕಾಣದ ತಲೆಯಂತೆ ಸಿಕ್ಕುಗಟ್ಟಿ ಕೂರುತ್ತದೆ. ದ್ಯಾವಮ್ಮ ರೀಲಿನ ಕಡೆ ನೋಡುವುದೇ ಇಲ್ಲ. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳುತ್ತಾರೆ. ಕೆ.ಆರ್. ಪೇಟೆ ಕಡೆಯ ಹಿನ್ನೀರಿಗೆ. ಯಾವ ಮೀನಿಗೆ? ಕೊರವ ಮೀನಿಗೆ. ಅಲ್ಲಿ ಬಂಡೆಯೋ, ಜೊಂಡೋ? ಜೊಂಡು. ಅಷ್ಟು ತಿಳಿದುಕೊಂಡು ಅವರು ಕಡುಹಸಿರಿನ, ನೂಲಿನಷ್ಟು ತೆಳುವಾದ ದಾರವೊಂದನ್ನು ಕೆಳಗಿಳಿಸುತ್ತಾರೆ.

"ಜೊಂಡಿನೊಳಗೆ ಕೊರವ ಕಚ್ತು ಅಂದ್ರೆ ಒಂದೇ ಏಟ್ಗೆ ಮೇಲಕ್ಕೆತ್ಬೇಕು ಸಾ. ಸಾದಾ ನೈಲಾನು ಇಗ್ತದೆ. ನೀವು ಎಳೀತಾನೆ ಇರ್ತೀರಿ, ಅದು ಜೊಂಡ್ನ ಸುತ್ಕಂಡು ಕುಂತ್ಬುಡ್ತದೆ," ಎನ್ನುತ್ತಾರೆ.

ಗಾಳದ ದಾರಗಳಲ್ಲಿ ಅವರ ಲೆಕ್ಕಕ್ಕೆ ಮೂರು ಜಾತಿ. ಒಂದು ಸಾದಾ ನೈಲಾನು. ಎಳೆದರೆ ಹಿಗ್ಗುತ್ತದೆ, ಹೊಸಬರ ತಪ್ಪನ್ನು ಕ್ಷಮಿಸುತ್ತದೆ, ಆದರೆ ಬಿಸಿಲಿನಲ್ಲಿ ಇಟ್ಟರೆ ಒಳಗೊಳಗೇ ಸಾಯುತ್ತದೆ. ಎರಡನೆಯದನ್ನು ಅವರು ಗಾಜಿನ ದಾರ ಎನ್ನುತ್ತಾರೆ. ನೀರಿನಲ್ಲಿ ಕಾಣುವುದಿಲ್ಲ, ಮುಳುಗುತ್ತದೆ, ಬಂಡೆಗೆ ಉಜ್ಜಿದರೂ ಬೇಗ ಸವೆಯುವುದಿಲ್ಲ. ಆದರೆ ಬಿರುಸು, ಸುತ್ತಿಟ್ಟ ಆಕಾರವನ್ನು ಬಿಡುವುದಿಲ್ಲ. ತೊಣ್ಣೂರು ಕೆರೆಯಂಥ ತಿಳಿನೀರಿಗೆ ಅದೇ ಸರಿ. ಮೂರನೆಯದು ಎಂಟು ಎಳೆ ಸೇರಿಸಿ ಹೆಣೆದ ಜಡೆ ದಾರ. ಒಂದಿಷ್ಟೂ ಹಿಗ್ಗುವುದಿಲ್ಲ. ನೂಲಿನ ಗಾತ್ರವಿದ್ದು ಮೂವತ್ತು ಕೆ.ಜಿ. ತಡೆಯುತ್ತದೆ. ಬರಿಗೈಯಲ್ಲಿ ಹಿಡಿದು ಎಳೆದರೆ ಬೆರಳನ್ನೇ ಕೊಯ್ಯುತ್ತದೆ. ಉರುಳೆಯ ಮೇಲೆ ಅದು ಜಾರದಂತೆ ಮೊದಲು ಹತ್ತು ಸುತ್ತು ನೈಲಾನು ಸುತ್ತಬೇಕು. ಅದರ ಮೇಲೆ ಜಡೆ ದಾರವನ್ನು ಒದ್ದೆ ಬಟ್ಟೆಯಲ್ಲಿ ಬಿಗಿ ಹಿಡಿದು ಸುತ್ತಬೇಕು. ಸಡಿಲ ಸುತ್ತಿದರೆ ದೊಡ್ಡ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನ ಸುತ್ತಿನೊಳಗೆ ಇಳಿದು ಕಚ್ಚಿಕೊಳ್ಳುತ್ತದೆ.

ಶನಿವಾರ ಭಾನುವಾರಗಳಲ್ಲಿ ಅವರು ದಿನಕ್ಕೆ ಹನ್ನೆರಡು ರೀಲು ಸುತ್ತುತ್ತಾರೆ. ಒಂದೊಂದಕ್ಕೆ ನೂರಿಪ್ಪತ್ತು ಮೀಟರು. ಅಂದರೆ ಹತ್ತಿರ ಹತ್ತಿರ ಒಂದೂವರೆ ಕಿಲೋಮೀಟರು ದಾರ ದಿನವೊಂದಕ್ಕೆ ಈ ಐವತ್ನಾಲ್ಕು ವರ್ಷದ ಹೆಂಗಸಿನ ಬೆರಳ ಸಂದಿನಲ್ಲಿ ಹಾದು ಹೋಗುತ್ತದೆ. ಬಲಗೈಯ ತೋರುಬೆರಳಿನಲ್ಲಿ ಅಡ್ಡಕ್ಕೊಂದು ಕಪ್ಪು ಗೆರೆ ಕಾಯಂ ಆಗಿಬಿಟ್ಟಿದೆ.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ಇಷ್ಟನ್ನೇ ಬರೆಯಲು. ಎಂಟನೇ ತರಗತಿಗೆ ಶಾಲೆ ಬಿಟ್ಟ ಅರಕೆರೆಯ ಹೆಂಗಸೊಬ್ಬರು ಜಪಾನಿನ ರೀಲುಗಳ ಮರ್ಮ ಬಲ್ಲರು ಎಂಬುದು ಭಾನುವಾರದ ಪುರವಣಿಗೆ ಒಪ್ಪುವ, ಓದಿ ಮುಗುಳ್ನಗುವಂಥ ಸಂಗತಿ. ಜೊತೆಗೆ ಕಳೆದ ವರ್ಷ ಹೊಳೆಯಲ್ಲಿ ಸಿಕ್ಕಿಕೊಂಡಿದ್ದ ಮೂವರನ್ನು ಅವರೇ ಉಳಿಸಿದರಂತೆ ಎಂದು ಬಸ್ ನಿಲ್ದಾಣದ ಬಳಿ ಟೀ ಅಂಗಡಿಯವರು ಹೇಳಿದ್ದರು. ಮೈಸೂರಿನವರ ಕಾರು ಹೊರಟ ಮೇಲೆ ನಾನು ಆ ಮಾತು ತೆಗೆದೆ. ದ್ಯಾವಮ್ಮ ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಟ್ಟರು.

"ಮೂರು ಜನುನ್ನ ಉಳ್ಸಿವ್ನಿ ಅಂತ ಊರೋರು ಯೋಳ್ತಾರೆ ಸಾ. ಒಬ್ರುನ್ನ ಸಾಯ್ಸಿವ್ನಿ. ಬರ್ದ್ರೆ ಎಲ್ಡೂ ಬರೀರಿ, ಇಲ್ದಿದ್ರೆ ಬ್ಯಾಡಿ."

ಅವರು ಅದನ್ನು ಹೇಳಿದ್ದು ಬಸ್ಸಿನ ಹೊತ್ತು ಹೇಳುವ ದನಿಯಲ್ಲಿ. ನಾನು ಸ್ಟೂಲಿನ ಮೇಲೆ ಕೂತೆ. ಆಮೇಲೆ ಅವರಾಗಿಯೇ ಮೊದಲಿನಿಂದ ಹೇಳಿದರು.

ದ್ಯಾವಮ್ಮನವರ ಗಂಡ ಚಿಕ್ಕಮಾದಯ್ಯ ಹತ್ತೊಂಬತ್ತು ವರ್ಷ ಹೊಳೆಯ ಕೆಳಗಿನ ಕಡೆ ಗಾಳದ ಶಿಬಿರವೊಂದರಲ್ಲಿ ತೆಪ್ಪ ನಡೆಸುತ್ತಿದ್ದರು. ದೂರದೂರದಿಂದ ಬಂದು ಮೀನು ಹಿಡಿದು ಮತ್ತೆ ನೀರಿಗೇ ಬಿಡುವವರನ್ನು ಬಂಡೆಯಿಂದ ಬಂಡೆಗೆ ದಾಟಿಸುವುದು, ಅವರ ದಾರ ಕಟ್ಟಿಕೊಡುವುದು ಅವರ ಕೆಲಸ. ಶಿಬಿರ ಮುಚ್ಚಿದಾಗ ಯಜಮಾನರು ಹಳೆಯ ರೀಲುಗಳನ್ನು ಚೀಲ ತುಂಬಿಸಿ ಕೊಟ್ಟು ಕಳಿಸಿದರು. ಆ ಚೀಲದಿಂದಲೇ ಈ ಅಂಗಡಿ ಹುಟ್ಟಿತು. ಎರಡು ವರ್ಷದಲ್ಲಿ ಸಕ್ಕರೆ ಕಾಯಿಲೆ ಚಿಕ್ಕಮಾದಯ್ಯನವರ ಕಣ್ಣು ತಿಂದಿತು. ದಾರವನ್ನು ರೀಲಿನ ಕಣ್ಣಿಗೆ ಪೋಣಿಸಲಾಗದೆ ಅವರು ಹೆಂಡತಿಯನ್ನು ಕರೆದರು. ಅವರು ಬಾಯಲ್ಲಿ ಹೇಳಿದರು, ಇವರು ಕೈಯಲ್ಲಿ ಕಲಿತರು. ತುಟಿಯಲ್ಲಿ ದಾರ ನೋಡುವುದು ಅವರು ಕಲಿಸಿದ್ದೇ.

ಎಸೆಯುವುದನ್ನು ಮಾತ್ರ ದ್ಯಾವಮ್ಮ ತಾವಾಗಿ ಕಲಿತರು. ಸುತ್ತಿದ ರೀಲು ಸರಿಯಾಗಿ ಓಡುತ್ತದೆಯೇ ಎಂದು ಗಿರಾಕಿಗೆ ತೋರಿಸಬೇಕಲ್ಲ. ಅಂಗಡಿಯ ಹಿಂದಿನ ಬಯಲಿನಲ್ಲಿ ಒಂದು ಟ್ರಾಕ್ಟರಿನ ಹಳೇ ಟೈರು ಮಲಗಿಸಿ, ನಲವತ್ತು ಹೆಜ್ಜೆ ದೂರದಿಂದ ಸೀಸದ ಗುಂಡನ್ನು ಅದರೊಳಗೆ ಎಸೆಯುತ್ತಿದ್ದರು. ಹತ್ತು ವರ್ಷ ಪ್ರತಿದಿನ ಒಣನೆಲದ ಮೇಲೆ ಎಸೆದು ಎಸೆದು ಅವರ ಹೆಬ್ಬೆರಳು ಉರುಳೆಯ ವೇಗವನ್ನು ಕಣ್ಣಿಲ್ಲದೆ ಅಳೆಯುವಂತಾಯಿತು.

ಕಳೆದ ವರ್ಷ ಜುಲೈ. ಮೇಲಿನ ಮಳೆಗೆ ಅಣೆಕಟ್ಟೆ ದಿನೇ ದಿನೇ ತುಂಬುತ್ತಿತ್ತು. ಹೊಳೆಗೆ ನೀರು ಬಿಡುತ್ತಾರೆಂದು ಅವಘಡದ ಹಿಂದಿನ ಸಂಜೆಯೇ ಮೈಕಿನಲ್ಲಿ ಸಾರಿಕೊಂಡು ಹೋಗಿದ್ದರು. ಆ ದಿನವೇ, ಮೈಕಿನ ಆಟೋ ಹಾದು ಹೋಗುವ ಹೊತ್ತಿಗೆ, ನಿಂಗರಾಜು ಅಂಗಡಿಗೆ ಬಂದಿದ್ದರು. ಪಾಂಡವಪುರದ ಕಡೆಯವರು. ವಾರವಿಡೀ ಕಬ್ಬಿನ ಟ್ರಾಕ್ಟರು ಓಡಿಸಿ, ಬಿಡುವಿನ ದಿನ ಗಾಳ ಹಾಕುವವರು. ಅಗ್ಗದ ದಾರ ಏನಾದರೂ ಇದ್ದರೆ ಕೊಡಿ ಎಂದು ಕೇಳಿದರು. ಬಾಗಿಲ ಬಳಿ ಮೂರು ಬೇಸಿಗೆ ಕಂಡ ನೈಲಾನಿನ ಸುರುಳಿಯೊಂದು ನೇತಾಡುತ್ತಿತ್ತು. ಬಣ್ಣ ಮಾಸಿ, ಬಿರುಸಾಗಿತ್ತು. ದ್ಯಾವಮ್ಮ ಅದನ್ನು ತುಟಿಗೆ ಇಡಲಿಲ್ಲ.

"ಜಿಲೇಬಿ ಮೀನ್ಗೆ ಇನ್ನೇನ್ ಬೇಕು, ಸಾಕ್ ಬುಡು ಅಂದ್ಕಂಡೆ," ಎನ್ನುತ್ತಾರೆ. "ನಾನೇ ಸುತ್ಕೊಟ್ಟೆ. ನಿಂಗ್ರಾಜು ಖುಷಿಯಾಗಿ ಓದ."

ಮರುದಿನ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಿಂದ ನಾಲ್ವರು ಹೊಳೆಗೆ ಬಂದರು. ಶಿವಶಂಕರ್ ಎಂಬ ಮೂವತ್ತೇಳರ ವ್ಯಕ್ತಿ, ಹೆಂಡತಿ ಅನು, ಏಳು ವರ್ಷದ ಮಗಳು ಚಿನ್ನು, ಅನುವಿನ ತಂಗಿ ರಂಜಿತ. ತೀರಿಕೊಂಡಿದ್ದ ತಾಯಿಯ ಅಸ್ಥಿಯನ್ನು ಶಿವಶಂಕರ್ ಹೊಳೆಗೆ ಬಿಟ್ಟಾಗಿತ್ತು. ಮೈಕಿನಲ್ಲಿ ಸಾರಿದ್ದು ಊರಿನವರಲ್ಲದ ಅವರಿಗೆ ತಿಳಿದಿರಲಿಲ್ಲ. ಆಗಿನ್ನೂ ಬಂಡೆಗಳ ನಡುವೆ ಮೊಣಕಾಲುದ್ದ ನೀರು. ನೀರಲ್ಲಿ ಕಾಲಾಡಿಸಬೇಕೆಂದು ಮಗು ಹಠ ಮಾಡಿದಾಗ ನಾಲ್ವರೂ ದಾಟಿಕೊಂಡು ಹೊಳೆಯ ನಡುವಿನ ಚಪ್ಪಟೆ ಬಂಡೆಯೊಂದರ ಮೇಲೆ ಹೋಗಿ ಕೂತರು. ಅರ್ಧ ಗಂಟೆಯಲ್ಲಿ ಅವರು ದಾಟಿ ಬಂದ ದಾರಿಯೇ ಇರಲಿಲ್ಲ.

ಅವರನ್ನು ಮೊದಲು ಕಂಡದ್ದು ದಡದಲ್ಲಿ ಗಾಳ ಹಾಕಿ ಕೂತಿದ್ದ ನಿಂಗರಾಜು. ಕೋಲನ್ನು ಕೈಯಲ್ಲಿ ಹಿಡಿದೇ ಅವರು ಅಂಗಡಿಗೆ ಓಡಿ ಬಂದರು. ದ್ಯಾವಮ್ಮ ಹೋಗಿ ನೋಡುವಷ್ಟರಲ್ಲಿ ಬಂಡೆಯ ಮುಕ್ಕಾಲು ಭಾಗ ಒದ್ದೆಯಾಗಿತ್ತು. ದಡದಿಂದ ಬಂಡೆಗೆ ಐವತ್ತು ಹೆಜ್ಜೆಗಿಂತ ಹೆಚ್ಚಿರಲಿಲ್ಲ, ಆದರೆ ನಡುವಿನ ನೀರು ಕಂದು ಬಣ್ಣಕ್ಕೆ ತಿರುಗಿ ಮೊರೆಯುತ್ತಿತ್ತು. ಪ್ರವಾಸಿಗರಿಗಾಗಿ ತೆಪ್ಪ ನಡೆಸುವ ದೇವಯ್ಯ ತೆಪ್ಪ ತಂದು ದಡದಲ್ಲಿ ನಿಂತಿದ್ದರು. ಹಿಡಿದುಕೊಂಡು ಹೋಗಲು ಬಂಡೆಗೆ ಕಟ್ಟಿದ ಹಗ್ಗವಿಲ್ಲದೆ ಇಳಿದರೆ ತೆಪ್ಪ ಬಂಡೆಯ ಹತ್ತಿರವೂ ಸುಳಿಯದೆ ಕೆಳಗೆ ಕೊಚ್ಚಿ ಹೋಗುತ್ತದೆ ಎಂದು ಅವರು ಹೇಳಿದರು. ಯಾರೋ ಫೋನು ಮಾಡಿದ್ದರು, ರಕ್ಷಣಾ ತಂಡ ದಾರಿಯಲ್ಲಿತ್ತು. ದಪ್ಪ ಹಗ್ಗವನ್ನು ಗಟ್ಟಿಮುಟ್ಟಾದ ಇಬ್ಬರು ಎಸೆದು ನೋಡಿದರು. ಅದು ಅರ್ಧಕ್ಕೇ ಬಿತ್ತು.

ದಾರ ಎಸೆದು, ಅದರ ಹಿಂದೆ ಹಗ್ಗ ಕಳಿಸಬಹುದು ಎಂದು ದ್ಯಾವಮ್ಮನಿಗೆ ಹೊಳೆಯಿತು. ಪಕ್ಕದಲ್ಲಿ ನಿಂಗರಾಜುವಿನ ಕೋಲಿತ್ತು. ಅದನ್ನು ಕಿತ್ತುಕೊಂಡು, ತುದಿಗೆ ಸೀಸದ ಗುಂಡು ಕಟ್ಟಿ ಎಸೆದರು. ಮೊದಲ ಎಸೆತಕ್ಕೇ ದಾರ ಬಂಡೆಯನ್ನು ಅಡ್ಡಹಾಯ್ದು ಬಿತ್ತು. ದಡದಲ್ಲಿ ಸೇರಿದ್ದವರು ಕೂಗಿದರು. ಶಿವಶಂಕರ್ ಅದನ್ನು ಹಿಡಿದುಕೊಂಡರು. ಈ ಕಡೆ ಅವಸರದಲ್ಲಿ ಆ ದಾರಕ್ಕೆ ನೇರವಾಗಿ ದಪ್ಪ ಹಗ್ಗವನ್ನೇ ಕಟ್ಟಿದರು. ಶಿವಶಂಕರ್ ಬಂಡೆಯ ಮೇಲೆ ನಿಂತು, ಹಿಂದಕ್ಕೆ ವಾಲಿ, ಮೈಭಾರವನ್ನೆಲ್ಲ ಹಾಕಿ ಎಳೆಯತೊಡಗಿದರು. ಹಗ್ಗ ನೀರಿಗಿಳಿದು ಹತ್ತು ಹೆಜ್ಜೆ ಹೋಯಿತು. ಸೆಳೆತ ಅದನ್ನು ಬಿಲ್ಲಿನಂತೆ ಬಾಗಿಸಿತು.

ದಾರ ಹರಿಯಿತು.

ಸದ್ದೇ ಆಗಲಿಲ್ಲ ಎನ್ನುತ್ತಾರೆ ದ್ಯಾವಮ್ಮ. ಹಿಂದಕ್ಕೆ ವಾಲಿ ನಿಂತಿದ್ದ ಮನುಷ್ಯ ಹಾಗೇ ಹಿಂದಕ್ಕೆ ಹೋದರು. ಬಂಡೆಯ ಆಚೆ ಅಂಚಿನಲ್ಲಿ ಒಮ್ಮೆ ಒಂದು ಕೈ ಕಂಡಿತು. ಅನು ಅಂಚಿಗೆ ಧಾವಿಸಿದರು, ತಂಗಿ ಅವರ ಸೆರಗು ಹಿಡಿದು ಎಳೆದು ಕೂರಿಸಿದರು.

ದ್ಯಾವಮ್ಮನ ಕೈಯಲ್ಲಿದ್ದ ದಾರದ ತುಂಡು ಗಾಳಿಗೆ ಹಾರುತ್ತಿತ್ತು. ಅದನ್ನು ನೋಡಿದಾಗಲೇ ಅವರಿಗೆ ಬಣ್ಣ ಗುರುತು ಸಿಕ್ಕಿದ್ದು. "ಮಾಸಲು ಅಳ್ದಿ ಬಣ್ಣ. ನಮ್ಮಂಗ್ಡೀದೇ. ನೆನ್ನೆ ನಾನೇ ಸುತ್ಕೊಟ್ಟಿದ್ದು. ಕಾಲು ಎತ್ತಾಕಾಗ್ನಿಲ್ಲ."

ಎಷ್ಟು ಹೊತ್ತು ಹಾಗೆ ನಿಂತಿದ್ದರೋ ಅವರಿಗೆ ಗೊತ್ತಿಲ್ಲ. ದೇವಯ್ಯ ಹೇಳುವಂತೆ ಅರ್ಧ ನಿಮಿಷವೂ ಇರಲಾರದು. ಬಂಡೆಯ ಮೇಲೆ ಮಗು ಅಪ್ಪನನ್ನು ಕೂಗತೊಡಗಿದ್ದು ಕಿವಿಗೆ ಬಿದ್ದದ್ದೇ ದ್ಯಾವಮ್ಮ ಅಂಗಡಿಗೆ ಓಡಿದರು. ಅಂದು ಬೆಳಿಗ್ಗೆಯಷ್ಟೇ ಬೆಂಗಳೂರಿನ ಗಿರಾಕಿಯೊಬ್ಬರ ರೀಲಿಗೆ ಹೊಸ ಜಡೆ ದಾರ ಸುತ್ತಿಟ್ಟಿದ್ದರು. ಆ ಕೋಲು, ಒಂದು ಉಂಡೆ ಸಣಬಿನ ಹುರಿ, ಎರಡು ಸೀಸದ ಗುಂಡು ತೆಗೆದುಕೊಂಡು ಬಂದರು. ಓಡುತ್ತಲೇ ದಾರವನ್ನು ತುಟಿಗೆ ಇಟ್ಟು ಎಳೆದರಂತೆ.

ಈ ಸಲ ಅವಸರ ಮಾಡಲಿಲ್ಲ. ಎಸೆತ ಮೊದಲ ಬಾರಿ ಸೆಳೆತಕ್ಕೆ ತಪ್ಪಿತು. ಸುತ್ತಿಕೊಂಡು, ನಾಲ್ಕು ಹೆಜ್ಜೆ ಮೇಲಕ್ಕೆ ಹೋಗಿ ಮತ್ತೆ ಎಸೆದರು. ದಾರ ರಂಜಿತಳ ಭುಜದ ಮೇಲೆ ಬಿತ್ತು. ಕೈಗೆ ಸುತ್ತಿಕೊಳ್ಳಬೇಡಿ, ಬಟ್ಟೆಯಲ್ಲಿ ಹಿಡಿಯಿರಿ ಎಂದು ದಡದವರೆಲ್ಲ ಕೂಗಿದರು. ನೀರಿನ ಮೊರೆತದಲ್ಲಿ ಕೇಳಿಸಲಿಲ್ಲ. ದ್ಯಾವಮ್ಮ ತಮ್ಮ ಸೆರಗನ್ನು ಅಂಗೈಗೆ ಸುತ್ತಿ ಎತ್ತಿ ತೋರಿಸಿದರು. ರಂಜಿತ ಅರ್ಥ ಮಾಡಿಕೊಂಡು ದುಪಟ್ಟಾ ಸುತ್ತಿಕೊಂಡರು. ಅನು ಏನನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ, ಬರಿಗೈಯಲ್ಲೇ ಎಳೆದರು. ಜಡೆ ದಾರದ ಹಿಂದೆ ತೆಳು ಹುರಿ ಹೋಯಿತು, ಹುರಿಯ ಹಿಂದೆ ದಪ್ಪ ಹಗ್ಗ ಹೋಯಿತು. ಅಕ್ಕತಂಗಿಯರು ಅದನ್ನು ಬಂಡೆಯ ಮೊನೆಗೆ ಮೂರು ಸುತ್ತು ಸುತ್ತಿ ಕಟ್ಟಿದರು. ದೇವಯ್ಯ ಆ ಹಗ್ಗ ಹಿಡಿದುಕೊಂಡು ಕೈ ಮೇಲೆ ಕೈ ಇಟ್ಟು ತೆಪ್ಪ ಎಳೆದುಕೊಂಡು ಹೋದರು. ಅವರು ಅರ್ಧ ದಾರಿಯಲ್ಲಿದ್ದಾಗ ರಕ್ಷಣಾ ತಂಡ ಬಂದು ದಡದ ತುದಿಯನ್ನು ಹಿಡಿಯಿತು. ಮಗು ಮೊದಲು, ಆಮೇಲೆ ಇಬ್ಬರು ಹೆಂಗಸರು. ಕೊನೆಯ ಸಲ ತೆಪ್ಪ ದಡ ಮುಟ್ಟಿದಾಗ ಬಂಡೆ ಕಾಣಿಸುತ್ತಿರಲಿಲ್ಲ.

ಶಿವಶಂಕರ್ ಅವರ ದೇಹ ಎರಡು ದಿನದ ಮೇಲೆ ಕೆಳಗಿನ ಊರೊಂದರ ಹತ್ತಿರ ಸಿಕ್ಕಿತು.

ಪತ್ರಿಕೆಗಳಲ್ಲಿ ಸ್ಥಳೀಯರ ನೆರವಿನಿಂದ ಮೂವರ ರಕ್ಷಣೆ ಎಂದು ಬಂತು. ಯಾರೋ ಫೋನಿನಲ್ಲಿ ಹಿಡಿದ ನಲವತ್ತು ಸೆಕೆಂಡಿನ ದೃಶ್ಯ ಊರೂರು ಸುತ್ತಿತು. ಅದರಲ್ಲಿ ಕಾಣುವುದು ನೀಲಿ ಸೀರೆಯ ಹೆಂಗಸೊಬ್ಬರ ಬೆನ್ನು ಮತ್ತು ಮೇಲೆದ್ದು ಇಳಿಯುವ ಕೋಲು. ಅದರ ಕೆಳಗೆ ಹೆಸರಿರಲಿಲ್ಲ, ಯಾರೋ ಅಜ್ಜಿ ಎಂದಷ್ಟೇ ಬರೆದಿದ್ದರು. ಅದನ್ನು ನೋಡಿ ಹೊಗಳಿದವರಲ್ಲಿ ಒಬ್ಬರಿಗೂ ಮೊದಲನೆಯ ದಾರದ ವಿಷಯ ತಿಳಿದಿರಲಿಲ್ಲ. ತಿಳಿದಿದ್ದವರು ಇಬ್ಬರೇ: ನಿಂಗರಾಜು ಮತ್ತು ದ್ಯಾವಮ್ಮ.

ನಿಂಗರಾಜು ಅದನ್ನು ತಮ್ಮ ತಪ್ಪೆಂದೇ ತಿಳಿದಿದ್ದರು. ಅಗ್ಗದ್ದು ಕೇಳಿದವನು ನಾನು ಎಂದು ಅಂಗಡಿಗೆ ಬಂದು ಅತ್ತರು. ಆ ದಿನದಿಂದ ಗಾಳ ಮುಟ್ಟಿಲ್ಲ. ದ್ಯಾವಮ್ಮ ಹನ್ನೊಂದು ದಿನ ಅಂಗಡಿ ತೆರೆಯಲಿಲ್ಲ. ಅನ್ನ ಕಲಸುವಾಗ ಬೆರಳಿಗೆ ದಾರ ತಗುಲಿದಂತಾಗಿ ಎದ್ದುಬಿಡುತ್ತಿದ್ದರು. ಹನ್ನೆರಡನೆಯ ದಿನ ಬಂದು, ಅಂಗಡಿಯಲ್ಲಿದ್ದ ಹಳೆಯ ಸುರುಳಿಗಳನ್ನೆಲ್ಲ ಕೆಳಗಿಳಿಸಿದರು. ನಲವತ್ತೊಂದು ಇದ್ದವು. ಒಂದೊಂದನ್ನೂ ಕ್ಯಾನಿಗೆ ಕಟ್ಟಿ ನೋಡಿದರು. ಇಪ್ಪತ್ತಾರು ಹರಿದವು.

"ಇಪ್ಪತ್ತಾರು ಸಾ," ಎಂದು ಅವರು ನನ್ನ ಮುಖ ನೋಡಿದರು. "ಎಷ್ಟು ಜನುಕ್ಕೆ ಅಂಥವು ಮಾರಿದ್ದೆನೋ. ಮೀನು ತಪ್ಪುಸ್ಕಂಡ್ ಓಯ್ತು ಅಂತ ಅವ್ರು ನಕ್ಕಂಡು ಸುಮ್ಕಾಗಿರ್ತಾರೆ."

ಸತ್ಯವನ್ನು ಆ ಮನೆಯವರಿಗೆ ಹೇಳಬೇಕೆ ಎಂಬ ಮಾತು ಅರಕೆರೆಯ ಮನೆಯಲ್ಲಿ ವಾರಗಟ್ಟಲೆ ನಡೆಯಿತು. ದ್ಯಾವಮ್ಮನ ಬಾಯಿಂದ ವಿಷಯ ತಿಳಿದಿದ್ದ ದೇವಯ್ಯ ಬೇಡವೆಂದರು. ಸತ್ತವರು ಬರುವುದಿಲ್ಲ, ಉಳಿದವರ ಹೊಟ್ಟೆಗೆ ಇನ್ನೊಂದು ಬೆಂಕಿ ಯಾಕೆ ಎಂಬುದು ಅವರ ಮಾತು. ಚಿಕ್ಕಮಾದಯ್ಯನವರೂ ಮೊದಲು ಹಾಗೆಯೇ ಅಂದಿದ್ದರು. ಒಂದು ದಿನ ಹೆಂಡತಿ ಮೂರನೇ ಸಲ ಅದನ್ನೇ ಕೇಳಿದಾಗ ಅವರು ಬೇರೆ ಮಾತು ಹೇಳಿದರು. ಅದನ್ನು ನಾನು ಅವರ ಬಾಯಿಂದಲೇ ಕೇಳಿದೆ: "ನೀನು ಕೇಳ್ತಾ ಇದ್ದೀಯ ಅಂದ್ರೆ ನಿಂಗೆ ಗೊತ್ತದೆ ಕಣಮ್ಮಿ ಅಂದೆ. ಇನ್ ನನ್ನೇನ್ ಕೇಳೀಯೆ ಅಂದೆ."

ದ್ಯಾವಮ್ಮನಿಗೆ ಬೆಳ್ಳೂರಿಗೆ ಹೋಗುವ ಪ್ರಸಂಗ ಬರಲಿಲ್ಲ. ಆಗಸ್ಟ್ ಕೊನೆಯಲ್ಲಿ ಅನು ಮತ್ತು ರಂಜಿತ ತಾವಾಗಿಯೇ ಹುಡುಕಿಕೊಂಡು ಬಂದರು. ಒಂದು ರವಿಕೆ ಕಣ, ಬಾಳೆಹಣ್ಣು, ಹೂವು ತಂದಿದ್ದರು. ಅನುವಿನ ಎರಡೂ ಅಂಗೈಗಳಲ್ಲಿ ದಾರ ಕೊಯ್ದ ಗಾಯ ಆಗಷ್ಟೇ ಮಾಗಿತ್ತು. ನಮ್ಮ ಮಗುವನ್ನು ಉಳಿಸಿದಿರಿ ಎಂದು ಬಗ್ಗಿ ಕಾಲು ಮುಟ್ಟಲು ಬಂದರು. ದ್ಯಾವಮ್ಮ ಹಿಂದೆ ಸರಿದು, ಕೈ ಹಿಡಿದು ನಿಲ್ಲಿಸಿದರು.

"ಕಾಲು ಮುಟ್ಬ್ಯಾಡ ಕಣವ್ವ. ಮೊದಲ್ನೇ ದಾರ ಹಳೇದು. ಮುಂಚಿನ್ ದಿನ ನಾನೇ ಮಾರಿದ್ದು. ಅದ್ಕೇ ಹರೀತು."

ಅನುವಿಗೆ ಮೊದಲು ತಿಳಿಯಲಿಲ್ಲ. ರಂಜಿತಳಿಗೆ ತಿಳಿಯಿತು. ಅವರು ಅಕ್ಕನ ತೋಳು ಹಿಡಿದರು. ಅನುವಿನ ಕೈಯಲ್ಲಿದ್ದ ಹಣ್ಣಿನ ಚೀಲ ಜಾರಿ ಬಿತ್ತು. ಸ್ಟೂಲಿನ ಮೇಲೆ ಕೂತರು, ಎದ್ದರು, ಬಸ್ ನಿಲ್ದಾಣದ ಕಡೆ ನಡೆದುಬಿಟ್ಟರು. ಕಣ ಹಲಗೆಯ ಮೇಲೆಯೇ ಉಳಿಯಿತು. ದ್ಯಾವಮ್ಮ ಅದನ್ನು ಹೊಲಿಸಲಿಲ್ಲ, ಯಾರಿಗೂ ಕೊಡಲೂ ಇಲ್ಲ.

ನಾಲ್ಕೂವರೆ ತಿಂಗಳು ಯಾವ ಸುದ್ದಿಯೂ ಇಲ್ಲ. ಪೊಲೀಸರನ್ನು ಕರೆತರುತ್ತಾರೇನೋ ಎಂದು ದೇವಯ್ಯ ಹೆದರಿದ್ದರು. ತಂದರೆ ತರಲಿ ಎಂದು ದ್ಯಾವಮ್ಮ ಅಂಗಡಿ ತೆರೆದುಕೊಂಡೇ ಕೂತರು. ಸಂಕ್ರಾಂತಿ ಕಳೆದ ಮೂರನೆಯ ದಿನ, ಮಧ್ಯಾಹ್ನದ ಹೊತ್ತಿನಲ್ಲಿ, ಅನು ಒಬ್ಬರೇ ಬಂದರು. ಕುಶಲ ಕೇಳಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಒಂದೇ ಪ್ರಶ್ನೆ ಕೇಳಿದರು. ಎಸೆಯುವಾಗ ಅದು ಹಳೇ ದಾರ ಅಂತ ನಿಮಗೆ ಗೊತ್ತಿತ್ತಾ?

ದ್ಯಾವಮ್ಮ ಸುಳ್ಳು ಹೇಳಲಿಲ್ಲ. ಮಾರುವಾಗ ಗೊತ್ತಿತ್ತು ಎಂದರು. ಎಸೆಯುವಾಗ ನೆನಪಾಗಲಿಲ್ಲ.

"ನೆನಪಾಗಿದ್ರೆ?"

"ನೆನ್ಪಾಗಿದ್ರೆ ಎಸೀತಿರ್ನಿಲ್ಲ ಕಣ್ ಮಗ."

ಎರಡನೆಯ ದಾರ ಯಾವುದು, ತೋರಿಸಿ ಎಂದರು ಅನು. ದ್ಯಾವಮ್ಮ ಜಡೆ ದಾರದ ಹೊಸ ಸುರುಳಿಯೊಂದನ್ನು ತೆಗೆದು ಅವರ ಕೈಗಿಟ್ಟರು. ಅನು ಅದನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದರು, ಅಂಗೈಯ ಗೆರೆಯ ಮೇಲೆ ಇಟ್ಟು ನೋಡಿದರು. ಇಷ್ಟು ತೆಳ್ಳಗಿದೆಯಾ ಎಂದರು. ಆಮೇಲೆ ಅತ್ತರು. ನಾನು ಅವರೊಂದಿಗೆ ಫೋನಿನಲ್ಲಿ ಮಾತಾಡಿದಾಗ, ಕ್ಷಮಿಸಿದಿರಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರೇ ಹೇಳಿದರು: "ಎಲ್ಲರೂ ನಮ್ಮೆಜಮಾನ್ರ ಹಣೆಬರಹ ಅಂದ್ರು. ದ್ಯಾವಮ್ಮನೋರೊಬ್ರೇ ಇಂಗಿಂಗಾಯ್ತು ಅಂತ ಹೇಳಿದ್ದು. ಸಿಟ್ಟು ಅದೆ. ಆದ್ರೂ ಅಲ್ಲಿಗೋದ್ರೆ ನಿದ್ದೆ ಬತ್ತದೆ." ಎರಡು ತಿಂಗಳಿಗೊಮ್ಮೆ ಅವರು ಬರುತ್ತಾರೆ. ಮಗುವನ್ನು ಇನ್ನೂ ಕರೆತಂದಿಲ್ಲ. ಚಿನ್ನು ಈಗಲೂ ಬಕೆಟ್ಟಿನ ನೀರು ಮೈಮೇಲೆ ಸುರಿದರೆ ಚೀರುತ್ತಾಳಂತೆ.

ಅಂಗಡಿಗೆ ಈಗ ಗಿರಾಕಿಗಳು ಕಡಿಮೆ. ಅಗ್ಗದ ದಾರ ಕೇಳುವವರನ್ನು ದ್ಯಾವಮ್ಮ ಬರಿಗೈಯಲ್ಲಿ ಕಳಿಸುತ್ತಾರೆ. ಕ್ಯಾನಿಗೆ ಕಟ್ಟಿ ತೋರಿಸದೆ ಒಂದು ಮಾರನ್ನೂ ಕೊಡುವುದಿಲ್ಲ. ಒಂದು ಬೇಸಿಗೆ ದಾಟಿದ ನೈಲಾನು ಅಂಗಡಿಯಲ್ಲಿ ಉಳಿಯುವುದಿಲ್ಲ. ಈ ಹುಚ್ಚಿನಿಂದ ಅಂಗಡಿ ಮುಳುಗುತ್ತದೆ ಎಂದು ಪಕ್ಕದ ಎಳನೀರಿನವರು ಹೇಳುತ್ತಾರೆ. ಇರಬಹುದು ಎನ್ನುತ್ತಾರೆ ದ್ಯಾವಮ್ಮ.

ಗಣರಾಜ್ಯೋತ್ಸವಕ್ಕೆ ಶಾಲು ಹೊದಿಸುತ್ತೇವೆ ಬನ್ನಿ ಎಂದು ಸಂಘವೊಂದರವರು ಕರೆದಿದ್ದರು. ದ್ಯಾವಮ್ಮ ಹೋಗಲಿಲ್ಲ. ಅದರ ಬದಲು ಸಂಘದವರಿಂದ ಬೇರೊಂದನ್ನು ಕೇಳಿದರು: ಮೂರು ಗಟ್ಟಿ ಕೋಲು, ಮೂರು ರೀಲು. ಸಂಘದವರಿಗೆ ಆಶ್ಚರ್ಯವಾದರೂ ಕೊಟ್ಟರು. ಈಗ ಪ್ರತಿ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅಂಗಡಿಯ ಹಿಂದಿನ ಬಯಲಿನಲ್ಲಿ ದೇವಯ್ಯ ಮತ್ತು ಇನ್ನಿಬ್ಬರು ತೆಪ್ಪದವರು ಟೈರಿನ ಕಡೆಗೆ ಸೀಸದ ಗುಂಡು ಎಸೆಯುವುದನ್ನು ಕಲಿಯುತ್ತಾರೆ. ದ್ಯಾವಮ್ಮ ಪಕ್ಕದಲ್ಲಿ ನಿಂತು, ಹೆಬ್ಬೆರಳು ಸಡಿಲ ಬಿಟ್ಟರೆ ಬೈಯುತ್ತಾರೆ. ಐವತ್ತೆರಡು ವರ್ಷದ ದೇವಯ್ಯ ಬೈಸಿಕೊಂಡು ಮತ್ತೆ ಎಸೆಯುತ್ತಾರೆ.

ನಿಮ್ಮ ಆಸೆ ಏನು ಎಂದು ಹೊರಡುವ ಮುನ್ನ ಕೇಳಿದೆ. ಹಾಸನದಲ್ಲಿರುವ ಮಗಳು ಮೇಘನ, ಅಂಗಡಿ ಮುಚ್ಚಿ ಅಪ್ಪನನ್ನು ಕರೆದುಕೊಂಡು ಬಂದುಬಿಡು ಎಂದು ಕರೆಯುತ್ತಿದ್ದಾಳಂತೆ. ಹೋಗುವ ಮನಸ್ಸೂ ಇದೆ ಅವರಿಗೆ. ಆದರೆ ಜುಲೈ ಹತ್ತಿರ ಬರುತ್ತಿದೆ.

"ದೇವಯ್ಯ ಹತ್ತು ಎಸುದ್ರೆ ಏಳು ಟೈರೊಳ್ಗೇ ಬೀಳ್ತವೆ ಸಾ, ಪರ್ವಾಗಿಲ್ಲ," ಎಂದು ಅವರು ಬಯಲಿನ ಕಡೆ ನೋಡಿದರು. "ಮೂರು ತಪ್ತವೆ. ಆ ಮೂರೂ ಬೀಳೋಗಂಟ ನಾನು ಎಲ್ಲೂ ಓಗಕಿಲ್ಲ."